ಕೇಳಿದರೆ ಮಾತ್ರ ಹೇಳುವ ಪೆಟ್ಟಿಗೆ

ಸೋಮಾರಿತನಕ್ಕೆ ಸಂಬಳ ಕೊಟ್ಟು, ಮೇಲೊಂದು ಪ್ರಮಾಣಪತ್ರವನ್ನೂ ಕೊಡುವ ಜಾಗ ಈ ಭೂಮಿಯ ಮೇಲೆ ಇದ್ದರೆ ಅದು ಕಾರ್ತಾಸುರದ ನಮ್ಮ ಆಫೀಸು. ಅಲ್ಲಿ ಸತ್ರಿಯೊ ಎಂಬ ಪುಣ್ಯಾತ್ಮ ಇದ್ದಾನೆ. ನನಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ‘ಮಾಸ್ ಸತ್ರಿಯೊ’ ಎಂದು ಅಣ್ಣನ ಮರ್ಯಾದೆ ಕೊಟ್ಟೇ ಕರೆಯಬೇಕು, ಬರೀ ಹೆಸರು ಹಿಡಿದು ಕೂಗಿದರೆ ಇಡೀ ಆಫೀಸು ಉಸಿರು ಬಿಗಿಹಿಡಿಯುತ್ತದೆ. ನಾವು ಮಾಡುವುದು ಮೊಟ್ಟೆಗೆ ಕಾವು ಕೊಡುವ ಬೀರುವಿಗೆ ಬೇಕಾದ ಮೆದುಳು. ಗೋಡೆಗೆ ನೇತುಹಾಕುವ ಒಂದು ಪೆಟ್ಟಿಗೆ, ಒಳಗೆ ಚಿಪ್, ಮುಂದೆ ಬಣ್ಣದ ಪರದೆ. ಆ ಚಿಪ್ಪಿನೊಳಗೆ ಪುಟ್ಟದೊಂದು ಸ್ಕ್ರಿಪ್ಟ್ ಎಂಜಿನ್ ಕೂರಿಸಿದ್ದು ಸತ್ರಿಯೊ. ಬಾತುಕೋಳಿ ಸಾಕುವವರು ತಮಗೆ ಬೇಕಾದ ಹಾಗೆ ಎರಡು ಸಾಲು ಬರೆದುಕೊಳ್ಳಬಹುದು: ಗೂಡಿನ ಬಿಸಿ ಮೂವತ್ತೇಳೂವರೆ ಡಿಗ್ರಿಗಿಂತ ಕಡಿಮೆಯಾದರೆ ದೀಪ ಹಚ್ಚು, ಹೆಚ್ಚಾದರೆ ಆರಿಸು.

‘ಗೂಡು’ ಎಂಬುದು ಆ ಎಂಜಿನ್ನಿನ ಪಾಲಿಗೆ ಒಂದು ಆಬ್ಜೆಕ್ಟ್. ಬಿಸಿ, ತೇವ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಪೆಟ್ಟಿಗೆಯ ನಂಬರು, ತಯಾರಾದ ತಾರೀಖು, ಹೀಗೆ ಅದಕ್ಕೆ ನಲವತ್ತು ಗುಣಗಳು. ಚಿಪ್ಪಿನ ನೆನಪು ಚಿಕ್ಕದು, ನಲವತ್ತನ್ನೂ ಒಟ್ಟಿಗೆ ತುರುಕಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಸತ್ರಿಯೊ ಲೇಜಿ ಲೋಡಿಂಗ್ ಎಂಬ ಶಾಸ್ತ್ರವನ್ನು ಹೊತ್ತು ತಂದ. ಯಾರಾದರೂ ಕೇಳುವವರೆಗೆ ಯಾವ ಗುಣವನ್ನೂ ತುಂಬಬೇಡ. ಕೇಳಿದಾಗ ಹೋಗಿ ನೋಡಿಕೊಂಡು ಬಾ. ತಂದದ್ದನ್ನು ಹತ್ತಿರ ಇಟ್ಟುಕೋ. ಮತ್ತೆ ಕೇಳಿದರೆ ಅದನ್ನೇ ಕೊಡು.

“ಕೇಳ್ದೇ ಇರೋದನ್ನೆಲ್ಲಾ ಯಾಕ್ ತಂದು ಸುರೀಬೇಕು ಮ್ಬಾಕ್ ವಿನ್?” ಎಂದು ಅವನು ನನಗೆ ಉಪದೇಶ ಮಾಡಿದ್ದ. “ಒಂದ್ ಸಲ ನೋಡ್ಕೊಂಡ್ ಬಂದ್ಮೇಲೆ ಮತ್ತೆ ಮತ್ತೆ ಓಡೋದು ಬೇರೆ ದಂಡ. ಒಳ್ಳೇ ಪ್ರೋಗ್ರಾಮರ್ ಅಂದ್ರೆ ಸೋಮಾರಿ ಆಗಿರ್ಬೇಕು.”

“ಹೌದೌದು ಮಾಸ್, ನೀವು ಬಹಳ ಒಳ್ಳೇ ಪ್ರೋಗ್ರಾಮರ್ರು,” ಎಂದೆ. ಪಾಪ, ಹಿಗ್ಗಿಹೋದ.

ನನ್ನ ಪೂರ್ತಿ ಹೆಸರು ವಿನಾರ್ಸಿ, ‘ಮ್ಬಾಕ್’ ಎಂದರೆ ಅಕ್ಕ. ಪೆಟ್ಟಿಗೆಗಳು ಹೊರಗೆ ಹೋಗುವ ಮುಂಚೆ ಅವುಗಳ ಹುಳುಕು ಹುಡುಕುವುದು ನನ್ನ ಕೆಲಸ. ಹುಟ್ಟಿದ್ದು ಸುರಬಾಯದಲ್ಲಿ, ಅಲ್ಲಿ ಎದುರಿಗಿರುವವನ ಮೂಗು ಸೊಟ್ಟಗಿದ್ದರೆ ಸೊಟ್ಟ ಎಂದೇ ಹೇಳುತ್ತಾರೆ. ಮದುವೆಯಾಗಿ ಈ ಸೋಲೋ ಸೀಮೆಗೆ ಬಂದು ಹತ್ತೊಂಬತ್ತು ವರ್ಷ. ಇಲ್ಲಿ ಮನೆಗೆ ಬೆಂಕಿ ಬಿದ್ದರೂ ‘ಕ್ಷಮಿಸಿ, ಸ್ವಲ್ಪ ಸೆಕೆ ಅನ್ನಿಸ್ತಿದೆಯಲ್ವಾ’ ಎಂದು ಶುರುಮಾಡಬೇಕು. ಮೊದಮೊದಲು ನನ್ನ ಬಾಯಿಗೆ ಅತ್ತೆ ಹೆದರಿದರು, ಆಮೇಲೆ ನಾನೇ ನನ್ನ ಬಾಯಿಗೆ ಹೆದರಲು ಕಲಿತೆ. ಈಗ ಒಳಗೆ ಏನೇ ಕುದಿಯುತ್ತಿರಲಿ, ಹೊರಗೆ ಬರುವುದು ‘ಇಂಗ್ಗೆ’ ಒಂದೇ. ಆಗಲಿ ಎಂದೂ ಅರ್ಥ, ಆಗುವುದಿಲ್ಲ ಎಂದೂ ಅರ್ಥ, ಹಾಳಾಗಿ ಹೋಗಿ ಎಂದೂ ಅರ್ಥ.

ಬು ಪೈನೆಮ್ ಕಥೆಗೆ ಬರುತ್ತೇನೆ. ಇಲ್ಲಿ ಹಿರಿಯ ಹೆಂಗಸರನ್ನು ‘ಬು’, ಅಂದರೆ ಅಮ್ಮ ಎಂದೂ, ಗಂಡಸರನ್ನು ‘ಪಾಕ್’, ಅಂದರೆ ಅಪ್ಪ ಎಂದೂ ಕರೆಯುತ್ತಾರೆ. ಚಾವಾಸ್ ದಾಟಿ ಗದ್ದೆಬಯಲಿನ ನಡುವಿನ ಹಳ್ಳಿ ಅವರದು. ಅರವತ್ತೆಂಟು ವರ್ಷ, ನಲವತ್ತು ವರ್ಷದಿಂದ ಒಂದೇ ತಳಿಯ ಬಾತು ಸಾಕಿದವರು. ಯಾವ ಹೆಣ್ಣು ಎಷ್ಟು ಇಡುತ್ತದೆ, ಯಾವ ಗಂಡು ಕೆಲಸಕ್ಕೆ ಬಾರದ್ದು ಎಂದು ಆರಿಸಿ ಆರಿಸಿ ಬೆಳೆಸಿದ ಹಿಂಡು. ಈ ವರ್ಷದ ಮಳೆಗೆ ಡೆಂಗ್ಕೆಂಗ್ ಹೊಳೆ ಉಕ್ಕಿ ದೊಡ್ಡಿ ಸಮೇತ ಅಷ್ಟೂ ಬಾತುಗಳನ್ನು ಎಳೆದುಕೊಂಡು ಹೋಯಿತು. ಅಟ್ಟದ ಮೇಲೆ ಬುಟ್ಟಿಗಳಲ್ಲಿದ್ದ ಮೊಟ್ಟೆಗಳು ಮಾತ್ರ ಉಳಿದವು. ಒಂಬೈನೂರು. ಅವು ಮರಿಯಾದರೆ ತಳಿ ಉಂಟು, ಇಲ್ಲವಾದರೆ ನಲವತ್ತು ವರ್ಷ ಹೊಳೆಪಾಲು.

ಅವರ ತಾಯಿಯ ಕಾಲದಿಂದ ಕಾವು ಕೊಡುತ್ತಿದ್ದದ್ದು ಬಿಸಿಲಿಗೆ ಕಾಯಿಸಿದ ಭತ್ತದ ಹೊಟ್ಟಿನಲ್ಲಿ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿದರೆ ಬಿಸಿ ಹೆಚ್ಚೋ ಕಡಿಮೆಯೋ ಗೊತ್ತಾಗುತ್ತದೆ, ಥರ್ಮಾಮೀಟರ್ ಬೇಕಿಲ್ಲ. ಆದರೆ ನೆರೆ ಬಂದ ವರ್ಷ ಒಣ ಹೊಟ್ಟು ಎಲ್ಲಿ ಸಿಗಬೇಕು? ಆಗ ನಮ್ಮ ಮಾಲೀಕರು ಪಾಕ್ ಕುಂಚೊರೊ ದೊಡ್ಡ ಮನಸ್ಸು ಮಾಡಿ, ಹೊಸ ಪೆಟ್ಟಿಗೆಯ ಮೊದಲ ಪ್ರಯೋಗಕ್ಕೆ ಆಕೆಯನ್ನೇ ಆರಿಸಿದರು. ದೊಡ್ಡವರ ದೊಡ್ಡ ಮನಸ್ಸಿಗೆ ಪ್ರಯೋಗದ ಇಲಿಗಳು ಯಾವಾಗಲೂ ಬೇಕು.

ಸತ್ರಿಯೊ ಮತ್ತು ನಾನು ಹೋಗಿ ಬೀರು ಕೂರಿಸಿ, ಪೆಟ್ಟಿಗೆ ಸಿಕ್ಕಿಸಿ, ಪರದೆಯಲ್ಲಿ ಹಸಿರು ಗೆರೆ ಓಡುವುದನ್ನು ತೋರಿಸಿ ಬಂದೆವು. ಬು ಪೈನೆಮ್ ಪೆಟ್ಟಿಗೆಯನ್ನು ಬೆರಳಲ್ಲೂ ಮುಟ್ಟಲಿಲ್ಲ. “ನಮ್ಮ ಕೈ ಬರೀ ಕೆಸರು ಮಾಸ್, ಇಂಥ ಚೆಂದದ್ದಕ್ಕೆ ತಾಗಿಸಬಾರ್ದು,” ಎಂದರು. ಸತ್ರಿಯೊ ಕೆನ್ನೆ ಕೆಂಪಾಯಿತು. ಹೊಗಳಿಕೆ ಅವನಿಗೆ ಎಂದುಕೊಂಡ.

ಮೂರನೆಯ ದಿನ ಆಫೀಸಿನಲ್ಲಿ ನನಗೆ ತಲೆನೋವು. ಎದುರಿಗಿದ್ದ ಅಂಥದೇ ಪೆಟ್ಟಿಗೆಯ ಪರದೆ ಕಣ್ಣಿಗೆ ಚುಚ್ಚುತ್ತಿತ್ತು, ಆರಿಸಿದೆ. ಆಮೇಲೆ ಅಭ್ಯಾಸಬಲದಿಂದ ಬಿಸಿ ಅಳೆಯುವ ತಂತಿಯ ತುದಿಗೆ ಕೂದಲು ಒಣಗಿಸುವ ಯಂತ್ರ ಹಿಡಿದೆ. ದೀಪ ಆರಬೇಕಿತ್ತು, ಆರಲಿಲ್ಲ. ದಾಖಲೆ ತೆಗೆದು ನೋಡಿದರೆ ಸಾಲಿಗೆ ಸಾಲು 37.4, 37.4, 37.4. ತಂತಿ ಮುಟ್ಟಿದರೆ ಬೆರಳು ಚುರ್ ಎಂದಿತು. ಪರದೆಯನ್ನು ಒಂದು ಸಲ ತಟ್ಟಿದೆ ನೋಡಿ, ಅದು ಬೆಳಗಿದ್ದೇ ತಡ 37.4 ಇದ್ದದ್ದು ಒಂದೇ ನೆಗೆತಕ್ಕೆ 58 ಆಯಿತು, ದೀಪ ಟಕ್ ಎಂದು ಆರಿತು.

ಸತ್ರಿಯೊನನ್ನು ಕರೆದು ತೋರಿಸಿದೆ. ಅವನು ಅರ್ಧ ನಿಮಿಷ ಯೋಚಿಸಿ ನಕ್ಕ.

“ಅದು ಹಾಗೇ ಇರೋದು ಮ್ಬಾಕ್. ಸ್ಕ್ರಿಪ್ಟ್ ಮೊದಲನೇ ಸಲ ಬಿಸಿ ಎಷ್ಟು ಅಂತ ಕೇಳ್ದಾಗ ಎಂಜಿನ್ ಹೋಗಿ ನೋಡ್ಕೊಂಡ್ ಬರುತ್ತೆ, ಇಟ್ಕೊಳ್ಳುತ್ತೆ. ಪರದೆ ಹೊಸ ಚಿತ್ರ ಬರ್ಯೋವಾಗ ಹಳೇ ಗೂಡನ್ನ ಬಿಸಾಕಿ ಹೊಸಾದು ಮಾಡುತ್ತೆ, ಆವಾಗ ಮತ್ತೆ ನೋಡುತ್ತೆ.”

“ಪರದೆ ಆರಿದ್ರೆ?”

“ಒಂದ್ ಗಂಟೆ ಯಾರೂ ತಟ್ಟದಿದ್ರೆ ತಾನೇ ಆರುತ್ತೆ. ಆದ್ರೆ ಯಾರ್ ತಟ್ಟದೇ ಬಿಡ್ತಾರೆ? ನಾನು ಎರಡು ತಿಂಗಳು ಕೂತು ಆ ಗೆರೆ ಚಿತ್ರ ಬರ್ದಿದ್ದೀನಿ. ಯಾರಾದ್ರೂ ನೋಡ್ದೇ ಇರ್ತಾರಾ?”

ಪೆಟ್ಟಿಗೆಯ ನಂಬರು ಹುಟ್ಟಿದಾಗಿನಿಂದ ಸಾಯುವವರೆಗೆ ಒಂದೇ, ಅದನ್ನು ಒಂದು ಸಲ ನೋಡಿ ಇಟ್ಟುಕೊಂಡರೆ ಸರಿ. ಬಿಸಿಯನ್ನೂ ಅದೇ ಸಾಲಿನಲ್ಲಿ ಕೂರಿಸಿದ ಬುದ್ಧಿವಂತನಿಗೆ ಏನು ಹೇಳಬೇಕು? ಸುರಬಾಯದ ವಿನಾರ್ಸಿ ಆಗಿದ್ದರೆ ‘ಲೇ ಕತ್ತೆ, ಈಗಲೇ ಸರಿಮಾಡು’ ಎನ್ನುತ್ತಿದ್ದಳು. ಸೋಲೋದ ಮ್ಬಾಕ್ ವಿನ್ ವರದಿಯ ಇಪ್ಪತ್ತಮೂರನೆಯ ಅಂಶವಾಗಿ ಹೀಗೆ ಬರೆದಳು: ‘ಬಿಡುವಾದಾಗ, ತೊಂದರೆ ಇಲ್ಲದಿದ್ದರೆ, ಪರದೆ ಆರಿರುವ ಸಂದರ್ಭವನ್ನು ಇನ್ನೊಮ್ಮೆ ಗಮನಿಸಬಹುದೇನೋ.’ ಸತ್ರಿಯೊ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದ. ಪಾಕ್ ಕುಂಚೊರೊ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ನಾನು ಹೂವಿನ ಚಿತ್ರ ಹಾಕಿದೆ. ಹೀಗೆ ಆ ಹುಳುಕಿಗೆ ನಾವು ಮೂವರೂ ಸೇರಿ ಪೂಜೆ ಮಾಡಿ ಮುಗಿಸಿದೆವು.

ಚಾವಾಸ್‌ನ ಪೆಟ್ಟಿಗೆ ನನ್ನ ತಲೆಗೆ ಬರಲಿಲ್ಲವೇ ಎಂದು ಕೇಳಬೇಡಿ. ಬಂತು. ಅಲ್ಲಿ ಪರದೆ ಉರಿಯುತ್ತಲೇ ಇರುತ್ತದೆ, ಹೊಸ ವಸ್ತು, ದಿನಕ್ಕೆ ಹತ್ತು ಸಲ ತಟ್ಟಿ ನೋಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹನ್ನೆರಡನೆಯ ದಿನ ಬು ಪೈನೆಮ್ ಫೋನಿಗೆ ಒಂದು ಫೋಟೋ ಕಳಿಸಿದರು. ‘ನಿಮ್ಮ ಪೆಟ್ಟಿಗೆಗೆ ಒಂದಿಷ್ಟೂ ಧೂಳು ಬೀಳದ ಹಾಗೆ ನೋಡಿಕೊಳ್ಳುತ್ತಿದ್ದೇನೆ’ ಎಂಬ ಒಕ್ಕಣೆ. ಫೋಟೋದಲ್ಲಿ ಪೆಟ್ಟಿಗೆಯೇ ಇಲ್ಲ. ಪ್ಲಾಸ್ಟಿಕ್ಕು ಸುತ್ತಿ, ಅದರ ಮೇಲೆ ಕಸೂತಿ ಹಾಕಿದ ಬಿಳಿ ಬಟ್ಟೆ ಹೊದಿಸಿ, ಬಟ್ಟೆ ಜಾರದಂತೆ ಪಿನ್ನು ಚುಚ್ಚಿದ್ದಾರೆ. ಟಿವಿಗೆ, ಫ್ರಿಜ್ಜಿಗೆ, ಮದುವೆಗೆ ಬಂದ ಟೀ ಸೆಟ್ಟಿಗೆ ನಮ್ಮ ಹೆಂಗಸರು ಕೊಡುವ ಮರ್ಯಾದೆ ಅದು. ಹನ್ನೆರಡು ದಿನದಿಂದ ಆ ಪರದೆಯನ್ನು ಒಬ್ಬರೂ ನೋಡಿಲ್ಲ, ತಟ್ಟಿಲ್ಲ, ಅದು ಎಂದೋ ಆರಿರಬೇಕು.

ಓಡಿ ಪಾಕ್ ಕುಂಚೊರೊ ಕೋಣೆಗೆ ಹೋದೆ. ಸತ್ರಿಯೊ ಅಲ್ಲೇ ಇದ್ದ. ಫೋಟೋ ತೋರಿಸಿದೆ.

“ಎಷ್ಟ್ ಚೆನ್ನಾಗಿ ಇಟ್ಕೊಂಡಿದ್ದಾರೆ!” ಎಂದರು ಮಾಲೀಕರು.

“ಪಾಕ್, ಆ ಪರದೆ ಆರಿದ್ರೆ ಬಿಸಿ ಲೆಕ್ಕ ನಿಂತ್ ಹೋಗುತ್ತೆ. ವರದೀಲಿ ಬರ್ದಿದ್ದೆ, ಇಪ್ಪತ್ಮೂರನೇದು.”

“ಓದ್ದೆ, ಓದ್ದೆ. ಬಹಳ ಸೌಮ್ಯವಾಗಿ ಬರ್ದಿದ್ರಿ,” ಎಂದು ಮೆಚ್ಚಿಕೊಂಡರು. ಆಮೇಲೆ ಮುಖ ಸ್ವಲ್ಪ ಗಂಭೀರವಾಯಿತು. “ಆದ್ರೆ ವಯಸ್ಸಾದವ್ರನ್ನ ಗಾಬರಿ ಮಾಡಬಾರ್ದು ಮ್ಬಾಕ್ ವಿನ್. ಫೋನಲ್ಲಿ ಏನೂ ಹೇಳ್ಬೇಡಿ. ನಾಳೆ ಬೆಳಿಗ್ಗೆ ಮೂವರೂ ಹೋಗಿ ಮಾತಾಡ್ಸ್ಕೊಂಡು ಬರೋಣ, ಮಾಸ್ ಸತ್ರಿಯೊ ಸದ್ದಿಲ್ದೆ ಆ ಸಾಲು ತಿದ್ದಿಬಿಡ್ಲಿ. ಬರ್ತೀವಿ ಅಂತ ಮಾತ್ರ ತಿಳ್ಸಿ. ಹೇಳದೇ ಕೇಳದೇ ನುಗ್ಗೋಕಾಗುತ್ತಾ?”

“ಒಂದೇ ಸಾಲು ಪಾಕ್, ಎರಡು ನಿಮಿಷದ ಕೆಲಸ,” ಎಂದ ಸತ್ರಿಯೊ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ನಾನೇನು ಹೇಳಿದೆ ಗೊತ್ತೇ? ‘ಇಂಗ್ಗೆ, ಪಾಕ್’ ಎಂದೆ.

ಫೋನು ಮಾಡಿದೆ. ಅವರ ಆರೋಗ್ಯ, ನನ್ನ ಆರೋಗ್ಯ, ನಮ್ಮತ್ತೆಯ ಮಂಡಿನೋವು, ಎರಡೂರಿನ ಮಳೆ, ಎಲ್ಲ ಮುಗಿಯಲು ಹತ್ತು ನಿಮಿಷ.

“ಮೊಟ್ಟೆಗಳು ಹೇಗಿವೆ ಬು?”

“ಅಲ್‌ಹಮ್ದುಲಿಲ್ಲಾ, ಚೆನ್ನಾಗಿವೆ ಮ್ಬಾಕ್. ನಿಮ್ಮ ಯಂತ್ರ ಬಹಳ ಬುದ್ಧಿವಂತ.”

“ಬಿಸಿ ಸರಿ ಇದೆಯಾ?”

“ಎಲ್ಲಾ ಸರಿ ಇದೆ, ಸರಿ ಇದೆ.”

ನೋಡಿ, ಸಮಾಧಾನವಾಯಿತು ನನಗೆ! ಹತ್ತೊಂಬತ್ತು ವರ್ಷ ಈ ನೀರು ಕುಡಿದವಳು, ಇಲ್ಲಿ ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಪ್ರಶ್ನೆಗಿಂತ ಮುಂಚೆಯೇ ಸಿದ್ಧವಾಗಿರುತ್ತದೆ ಎಂದು ಗೊತ್ತಿದ್ದವಳು, ನಂಬಿಬಿಟ್ಟೆ. ನಾಳೆ ಒಂಬತ್ತಕ್ಕೆ ಬರುತ್ತೇವೆ, ಸುಮ್ಮನೆ ನೋಡಿಕೊಂಡು ಹೋಗಲು, ಎಂದೆ. ಆಕೆಗೆ ಸಂತೋಷವೋ ಸಂತೋಷ.

ಮಾರನೆಯ ದಿನ ಏಳೂವರೆಗೆ ಕಾರು ಹೊರಟಿತು. ಬರಿಗೈಯಲ್ಲಿ ಹೋಗುವುದು ಹೇಗೆಂದು ಪಾಕ್ ಕುಂಚೊರೊ ಸೆರಾಬಿ ಎಂಬ ತೆಂಗಿನಹಾಲಿನ ಸಿಹಿದೋಸೆ ಕಟ್ಟಿಸಲು ನಿಂತರು. ಬಿಸಿಬಿಸಿ ಬೇಯಿಸಿ ಕೊಡಲಿ ಎಂದು ಮುಕ್ಕಾಲು ಗಂಟೆ ಕಾದರು. ಡೆಲಾಂಗ್ಗು ಹತ್ತಿರ ಸೋತೋ ಸಾರು ಕುಡಿಯದೆ ಮುಂದೆ ಹೋದರೆ ಹೊಟ್ಟೆ ಶಪಿಸುತ್ತದಂತೆ, ಕುಡಿದರು. ಅಲ್ಲಿ ಹಳೆಯ ಸಹಪಾಠಿ ಸಿಕ್ಕಿದ. ಅವನ ಮಗಳ ಮದುವೆಯ ಫೋಟೋಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ನಾನು ಎರಡು ಸಲ ಗಡಿಯಾರ ನೋಡಿಕೊಂಡೆ. ಇದಕ್ಕಿಂತ ಒರಟುತನ ನಮ್ಮಲ್ಲಿ ಇನ್ನೊಂದಿಲ್ಲ, ಆದರೂ ಯಾರೂ ಗಮನಿಸಲಿಲ್ಲ. ಬು ಪೈನೆಮ್ ಅಂಗಳ ತಲುಪಿದಾಗ ಹನ್ನೊಂದೂವರೆ.

ಆಕೆ ಒಳ್ಳೆಯ ಕೆಬಾಯ ರವಿಕೆ ತೊಟ್ಟು, ಕೂದಲು ಬಾಚಿ ಗಂಟು ಹಾಕಿ, ಬಾಗಿಲಲ್ಲೇ ನಿಂತಿದ್ದರು. ನೆಲ ಒರೆಸಿ ಫಳಫಳ. ಚಾಪೆಯ ಮೇಲೆ ಟೀ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣಿನ ಬಜ್ಜಿ. ನೇರವಾಗಿ ಬೀರುವಿನ ಹತ್ತಿರ ಹೋಗುವ ಹಾಗಿಲ್ಲ. ಕೂರಬೇಕು, ಟೀ ಕುಡಿಯಬೇಕು, ಸಕ್ಕರೆ ಸರಿಯಾಗಿದೆ ಎನ್ನಬೇಕು. ಇಪ್ಪತ್ತು ನಿಮಿಷ. ಒಳಕೋಣೆಯಿಂದ ಬಿಸಿ ಮರದ ವಾಸನೆ ಬರುತ್ತಿದೆ ಎಂದು ನನಗೆ ಅನ್ನಿಸಿತು. ಬಜ್ಜಿ ಚೆನ್ನಾಗಿದೆ ಎಂದೆ.

ಕೊನೆಗೂ ಎದ್ದೆವು. ಬು ಪೈನೆಮ್ ತಾವೇ ಪಿನ್ನು ಬಿಚ್ಚಿ, ಒಗೆದು ಇಸ್ತ್ರಿ ಮಾಡಿದ್ದ ಬಟ್ಟೆ ತೆಗೆದು, ಪ್ಲಾಸ್ಟಿಕ್ಕು ಸರಿಸಿದರು. ಸತ್ರಿಯೊ ಪರದೆ ತಟ್ಟಿದ. ಅದು ಬೆಳಗಿತು. 37.4 ಇತ್ತು, ಕಣ್ಣು ಮಿಟುಕಿಸುವುದರೊಳಗೆ 42.3 ಆಯಿತು. ಒಳಗೆ ದೀಪಗಳು ಟಕ್ ಎಂದು ಆರಿದವು.

“ನೋಡಿ, ಕೆಲ್ಸ ಮಾಡ್ತಿದೆ!” ಎಂದ ಸತ್ರಿಯೊ.

ಅವನ ಕತ್ತು ಹಿಸುಕಬೇಕು ಅನ್ನಿಸಿತು. ಬು ಪೈನೆಮ್ ಬಾಗಿಲು ತೆರೆದರು, ಮೇಲಿನ ತಟ್ಟೆಯಿಂದ ಒಂದು ಮೊಟ್ಟೆ ತೆಗೆದು ರೆಪ್ಪೆಗೆ ಒತ್ತಿದರು, ತಟ್ಟನೆ ಹಿಂದಕ್ಕೆ ತೆಗೆದರು. ಇನ್ನೊಂದು. ಮತ್ತೊಂದು. ಆಮೇಲೆ ಕಿಟಕಿ ಮುಚ್ಚಿ ಟಾರ್ಚು ತಂದರು.

ಹದಿಮೂರು ದಿನದ ಮೊಟ್ಟೆಗೆ ಟಾರ್ಚು ಹಿಡಿದರೆ ಒಳಗಿನ ನರಗಳು ಕೆಂಪಗೆ ಕಾಣುತ್ತವೆ, ನಡುವೆ ಕಪ್ಪನೆಯದು ಅಲುಗುತ್ತದೆ. ನರಗಳಿದ್ದವು, ಅಲುಗಾಟ ಇರಲಿಲ್ಲ. ಆಕೆ ಒಂದೊಂದನ್ನೇ ಹಿಡಿದು, ನೋಡಿ, ಎಡಗಡೆಗೆ ಇಡುತ್ತಾ ಹೋದರು.

“ಇದು ಬೆಳಿಗ್ಗೆ ಒದೀತಿತ್ತು,” ಎಂದರು ಒಂದು ಸಲ. ಮತ್ತೆ ಸ್ವಲ್ಪ ಹೊತ್ತಿಗೆ, “ಇದೂ.”

“ಬೆಳಿಗ್ಗೆ ಅಂದ್ರೆ? ಇವತ್ತಾ?” ಎಂದೆ.

ಆಗ ಆಕೆ ನನ್ನ ಎದುರು ತಲೆ ತಗ್ಗಿಸಿ ಕೂತುಬಿಟ್ಟರು. “ಕ್ಷಮಿಸ್ಬೇಕು ಮ್ಬಾಕ್. ತಪ್ಪು ನಂದೇ. ಮೊದಲ ವಾರಾನೇ ರೆಪ್ಪೆಗೆ ಬಿಸಿ ಜಾಸ್ತಿ ಅನ್ನಿಸ್ತು. ಯಂತ್ರಕ್ಕೆ ಗೊತ್ತಿರೋದು ನನಗೆ ಗೊತ್ತಾ ಅಂದ್ಕೊಂಡೆ. ಆದ್ರೂ ಮನಸ್ಸು ತಡೀಲಿಲ್ಲ, ಬೀರು ಬಾಗಿಲಿಗೆ ಅನ್ನದ ಸೌಟು ಸಿಕ್ಸಿ ಸಂದು ಬಿಟ್ಟಿದ್ದೆ. ಬಿಸಿ ಜಾಸ್ತಿ ಅನ್ನಿಸಿದ್ರೆ ಸೌಟು ಅಗಲ, ಕಮ್ಮಿ ಅನ್ನಿಸಿದ್ರೆ ಸಣ್ಣ. ರಾತ್ರಿ ಎರಡು ಸಲ ಎದ್ದು ನೋಡ್ತಿದ್ದೆ. ಎಲ್ಲಾ ಚೆನ್ನಾಗೇ ಇದ್ವು.”

“ಮತ್ತೆ ಸೌಟು ಎಲ್ಲಿ ಬು?”

“ಎಂಟು ಗಂಟೆಗೆ ತೆಗ್ದು ತೊಳ್ದಿಟ್ಟೆ.”

“ಯಾಕ್ ತೆಗ್ದ್ರಿ?”

“ನೀವು ಬರ್ತೀನಿ ಅಂದ್ರಲ್ಲ ಮ್ಬಾಕ್. ಅಷ್ಟು ದೂರದಿಂದ ಬರೋರು, ನಿಮ್ಮ ಯಂತ್ರದ ಬಾಯಿಗೆ ಸೌಟು ತುರ್ಕಿರೋದು ಕಂಡ್ರೆ ನಿಮಗೆಷ್ಟು ಬೇಜಾರಾಗ್ಬೇಡ? ಒಂಬತ್ತಕ್ಕೆ ಅಂದಿದ್ರಿ. ಒಂದು ಗಂಟೆ ತಾನೆ, ತಡ್ಕೊಳ್ತಾವೆ ಅಂದ್ಕೊಂಡೆ.”

ಪಾಕ್ ಕುಂಚೊರೊ ಸೆರಾಬಿಯ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ದಾಕ್ಷಿಣ್ಯಕ್ಕೆ ಬಸುರಾದವಳಿಗೆ ಹೆರಲು ಜಾಗವಿಲ್ಲ ಎಂಬ ಗಾದೆ ನನ್ನ ನಾಲಿಗೆಯ ತುದಿಯವರೆಗೆ ಬಂದು, ನಾಚಿಕೆಯಾಗಿ ಒಳಗೆ ಹೋಯಿತು. ಎಂಜಿನ್ನಿಗಾದರೂ ಕೇಳಿದರೆ ಹೇಳುವ ಬುದ್ಧಿ ಇದೆ. ನಾನು ಫೋನಿನಲ್ಲಿ ಬಾಗಿಲು ತೆರೆದಿಡಿ ಎಂದು ಎರಡೇ ಮಾತು ಹೇಳಿದ್ದರೆ ಸಾಕಿತ್ತು, ಅದಕ್ಕೆ ಅರ್ಧ ನಿಮಿಷವೂ ಬೇಡ. ಆ ಹತ್ತು ನಿಮಿಷದಲ್ಲಿ ನಾನು ನಮ್ಮತ್ತೆಯ ಮಂಡಿಯ ಬಗ್ಗೆ ಮಾತಾಡಿದ್ದೆ.

“ತಪ್ಪು ನಿಮ್ದಲ್ಲ ಬು,” ಎಂದೆ. ದನಿ ಜೋರಾಗಿಯೇ ಬಂತು, ಸುರಬಾಯದ ದನಿ. “ಈ ಪೆಟ್ಟಿಗೆ ಕೆಟ್ಟಿದೆ. ಪರದೆ ಆರಿದ್ರೆ ಇದಕ್ಕೆ ಕಣ್ಣಿಲ್ಲ. ಹತ್ತು ದಿನದ ಹಿಂದೇನೇ ನನಗೆ ಗೊತ್ತಾಗಿತ್ತು. ಮಾಸ್ ಸತ್ರಿಯೊಗೂ ಗೊತ್ತು, ಪಾಕ್ ಕುಂಚೊರೊಗೂ ಗೊತ್ತು. ನಿಮಗೆ ಮಾತ್ರ ಯಾರೂ ಹೇಳ್ಲಿಲ್ಲ.”

“ಮ್ಬಾಕ್ ವಿನ್, ನಿಧಾನ…” ಎಂದರು ಮಾಲೀಕರು.

“ನಿನ್ನೆ ಫೋನ್ ಮಾಡಿದ್ದೂ ಅದಕ್ಕೇ. ಗಾಬರಿ ಆಗ್ತೀರಿ ಅಂತ ಹೇಳ್ಲಿಲ್ಲ.”

ಬು ಪೈನೆಮ್ ಟಾರ್ಚು ಎತ್ತಿಕೊಂಡು ಕೆಳಗಿನ ತಟ್ಟೆಗೆ ಬಂದರು. ದೀಪದಿಂದ ದೂರ ಇದ್ದ ತಟ್ಟೆ ಅದು. ಅದರಲ್ಲಿ ಅಲ್ಲೊಂದು ಇಲ್ಲೊಂದು ಅಲುಗುತ್ತಿದ್ದವು. ನಾನು ಪಕ್ಕದಲ್ಲಿ ಕೂತು ಮೊಟ್ಟೆ ಎತ್ತಿ ಕೊಟ್ಟೆ. ಸತ್ರಿಯೊ ತನ್ನ ಲ್ಯಾಪ್‌ಟಾಪು ತೆರೆದು, ಎರಡು ನಿಮಿಷದ ಆ ಒಂದು ಸಾಲನ್ನು ತಿದ್ದಿ, ಯಾರಿಗೂ ಹೇಳದೆ ಮುಚ್ಚಿ, ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ಎಲ್ಲ ಮುಗಿಯುವಾಗ ಮಧ್ಯಾಹ್ನ ಮೂರಾಗಿತ್ತು. ಜೀವ ಉಳಿದು ಬಲಗಡೆಗೆ ಬಂದವು ಎಪ್ಪತ್ತೊಂದು.

ಆಕೆ ಅವನ್ನು ತಮ್ಮ ಹಳೆಯ ಸೀರೆಯಂಥ ಬಟ್ಟೆಯಲ್ಲಿ ಸುತ್ತಿ, ನೆರೆಮನೆಯವರಿಂದ ಬೇಡಿ ತಂದ ಅರೆ ಚೀಲ ಹೊಟ್ಟಿನ ಬುಟ್ಟಿಯಲ್ಲಿ ಇಟ್ಟರು. ಪಾಕ್ ಕುಂಚೊರೊ ಎದ್ದು ನಿಂತು, ಎರಡೂ ಕೈ ಮುಂದೆ ಕಟ್ಟಿಕೊಂಡು, ಸಾವಿರ ಸಲ ಕ್ಷಮೆ ಎಂದರು. ಸತ್ರಿಯೊ ಕ್ಷಮೆ ಎಂದ. ನಾನೂ ಎಂದೆ.

ನಮ್ಮ ಸೀಮೆಯಲ್ಲಿ ಕ್ಷಮೆ ಕೇಳಿದವರಿಗೆ ‘ಪರವಾಗಿಲ್ಲ’ ಎನ್ನದೆ ಬಿಟ್ಟವರನ್ನು ನಾನು ಕಂಡಿಲ್ಲ. ಕಾಲು ತುಳಿದರೂ, ಗೋಡೆ ಕೆಡವಿದರೂ, ಮಗನ ಕೈ ಮುರಿದರೂ ಆ ಒಂದು ಮಾತು ತಾನಾಗಿ ಬರುತ್ತದೆ. ನಾವು ಮೂವರೂ ಅದಕ್ಕಾಗಿ ಕಾದು ನಿಂತೆವು.

ಬು ಪೈನೆಮ್ ಗೋಡೆಯಿಂದ ಪೆಟ್ಟಿಗೆ ಬಿಚ್ಚಿ ಸತ್ರಿಯೊ ಕೈಗೆ ಕೊಟ್ಟರು. “ತಗೊಂಡ್ ಹೋಗಿ,” ಎಂದರು. ಬುಟ್ಟಿಯ ಹತ್ತಿರ ಹೋಗಿ, ಒಂದು ಮೊಟ್ಟೆ ತೆಗೆದು ಕಣ್ಣಿಗೆ ಒತ್ತಿಕೊಂಡು, ನಮಗೆ ಬೆನ್ನು ಹಾಕಿ ಕೂತರು.